ಎಸ್‌ಟಿಡಿ ಕಮಲಾವತಿ ಬಾಯಿ ಬಿಟ್ಟದ್ದು

ಪುತ್ತೂರಿನಿಂದ ಸುಬ್ರಹ್ಮಣ್ಯಕ್ಕೆ ಹೋಗುವ ಬಸ್ಸು ಪೆರಾಬೆ ಕಳೆದು ಕಡಬ ಮುಟ್ಟುವ ಮೊದಲು ಒಂದು ಕಡೆ ನಿಲ್ಲುತ್ತದೆ. ಮೂರು ಮಾರ್ಗ ಸೇರುವ ಜಾಗ. ಒಂದು ಹೋಟೆಲು, ಒಂದು ಗೊಬ್ಬರದ ಅಂಗಡಿ, ಹಾಲಿನ ಡಿಪೋ, ನಾಲ್ಕು ರಿಕ್ಷಾ. ಪಂಚಾಯಿತಿಯವರು ಅಲ್ಲಿ ಹಳದಿ ಬೋರ್ಡು ನೆಟ್ಟು ಊರಿಗೆ ಯಾವುದೋ ಚಂದದ ಹೆಸರು ಬರೆಸಿದ್ದಾರೆ. ಅದನ್ನು ಓದುವ ಪುಣ್ಯಾತ್ಮರು ಯಾರೂ ಇಲ್ಲ. ಕಂಡಕ್ಟರು ಕೂಗುವುದು ಒಂದೇ: "ಎಸ್‌ಟಿಡಿ ಯಾರು? ಎಸ್‌ಟಿಡಿ ಇಳಿಯುವವರು ಮುಂದೆ ಬನ್ನಿ!" ಅಲ್ಲಿದ್ದ ಎಸ್‌ಟಿಡಿ ಬೂತು ಮುಚ್ಚಿ ಹದಿನೆಂಟು ವರ್ಷ ದಾಟಿತು. ಈಗ ಕೂಗುವ ಕಂಡಕ್ಟರು ಆಗ ತೊಟ್ಟಿಲಲ್ಲಿದ್ದಿರಬೇಕು.

ನಮ್ಮ ಕಡೆ ಹಾಗೆಯೇ. ವಸ್ತು ಗುಜರಿಗೆ ಹೋದರೂ ಮಾತು ಹೋಗುವುದಿಲ್ಲ. ಮೊಬೈಲು ಕೈಗೆ ಬಂದು ಇಷ್ಟು ಕಾಲವಾದರೂ ಅಜ್ಜಂದಿರು ನಂಬರು "ತಿರುಗಿಸು" ಎನ್ನುತ್ತಾರೆ. ತಿರುಗಿಸಲಿಕ್ಕೆ ಅದರಲ್ಲಿ ಚಕ್ರ ಎಲ್ಲಿದೆ? ಮಾತು ಮುಗಿದ ಮೇಲೆ "ಇಡ್ತೇನೆ ಆಯ್ತಾ" ಎನ್ನುತ್ತಾರೆ. ಇಡುವುದು ಅಂಗಿಯ ಕಿಸೆಯಲ್ಲಿ. ಟಾರ್ಚು ಇವತ್ತಿಗೂ ಬ್ಯಾಟ್ರಿ, ರೀಚಾರ್ಜು ಇವತ್ತಿಗೂ ಕರೆನ್ಸಿ. ಸಿಗ್ನಲ್ಲಿಗೆ ಹೇಳುವ ರೇಂಜಂತೂ ಫೋನಿನಿಂದ ಇಳಿದು ಮನುಷ್ಯರ ತಲೆಗೆ ಹತ್ತಿದೆ. ಎಷ್ಟು ಹೇಳಿದರೂ ತಿಳಿಯದವನ ಬಗ್ಗೆ "ಅವನಿಗೆ ರೇಂಜ್ ಇಲ್ಲ ಮಾರಾಯ್ರೆ" ಎಂದರೆ ಸಾಕು, ಮತ್ತೆ ವಿವರಿಸಬೇಕಾಗಿಲ್ಲ. ಇದಕ್ಕೆಲ್ಲ ಯಾರಿಗೂ ನೋವಿಲ್ಲ, ನಷ್ಟವಿಲ್ಲ.

ಆದರೆ ಎಸ್‌ಟಿಡಿ ಎಂಬ ಮಾತಿಗೆ ಅಲ್ಲಿ ಇನ್ನೊಂದು ಅರ್ಥ ಉಂಟು. ಚಾಡಿ ಹೇಳುವುದಕ್ಕೆ, ಒಬ್ಬರ ಗುಟ್ಟನ್ನು ಇನ್ನೊಬ್ಬರ ಮನೆಗೆ ಮುಟ್ಟಿಸುವುದಕ್ಕೆ ಆ ಸುತ್ತಿನ ಏಳೆಂಟು ಗ್ರಾಮಗಳಲ್ಲಿ ಹೇಳುವುದು "ಎಸ್‌ಟಿಡಿ ಮಾಡುವುದು" ಎಂದು. ಮಾಡಬೇಡ ಎನ್ನಲು ತುಳುವಿನವರು "ಎಸ್‌ಟಿಡಿ ಮಲ್ಪೊಡ್ಚಿ" ಎನ್ನುತ್ತಾರೆ. ಅರೆಭಾಷೆಯವರೂ ಬ್ಯಾರಿಗಳೂ ಆ ಮೂರು ಅಕ್ಷರ ಹಾಗೇ ಇಟ್ಟುಕೊಂಡು ಬಾಲ ಮಾತ್ರ ತಮ್ಮ ಭಾಷೆಯದ್ದು ಸೇರಿಸಿದ್ದಾರೆ. ಆ ಮಾತು ಹುಟ್ಟಿದ್ದು ಒಬ್ಬ ಹೆಣ್ಣುಮಗಳ ಮರ್ಯಾದೆಯನ್ನು ನಡುಮಾರ್ಗದಲ್ಲಿ ಕಳೆದು. ಅವಳು ಕಮಲಾವತಿ. ಹುಟ್ಟಿಸಿದವನು ಜಯಪ್ರಕಾಶ. ಇಪ್ಪತ್ತಾರು ವರ್ಷದಿಂದ ಕಮಲಾವತಿ ದೇವರ ಮುಂದೆ ಕೈಮುಗಿದಾಗಲೆಲ್ಲ ಕೇಳಿಕೊಂಡದ್ದು ಇಷ್ಟೇ: ಅವನಿಗೆ ಇದರ ಫಲ ಬಡ್ಡಿ ಸಮೇತ ನನ್ನ ಕೈಯಿಂದಲೇ ಸಿಗಬೇಕು. ಬೇರೆಯವರ ಕೈಯಿಂದ ಬೇಡ.

ಕಮಲಾವತಿಯ ಅಪ್ಪ ಸೀನ ಟೆಲಿಫೋನಿನವರ ಕೆಳಗೆ ದಿನಗೂಲಿಗೆ ಕಂಬ ನೆಟ್ಟವನು. ಪೆರಾಬೆಯಿಂದ ಕಡಬದವರೆಗೆ ಗುಂಡಿ ತೋಡಿದ್ದು, ಕಂಬ ಹೊತ್ತದ್ದು, ವಯರು ಎಳೆದದ್ದು ಅವನೇ. ಮಗಳಿಗೆ ಮೂರನೇ ವರ್ಷದಲ್ಲಿ ಪೋಲಿಯೊ ಬಂದು ಎಡಗಾಲು ಸೊರಗಿತು. ಅಂಗವಿಕಲರಿಗೆ ಬೂತು ಮೊದಲು ಕೊಡುತ್ತಾರೆ ಎಂದು ಇಂಜಿನಿಯರು ಯಾರೋ ಹೇಳಿದ್ದೇ ತಡ, ಸೀನ ಮಂಗಳೂರಿಗೆ ಹನ್ನೊಂದು ಸಲ ಓಡಾಡಿದ. ತೊಂಬತ್ತೈದರಲ್ಲಿ ಬೂತು ಬಂತು. ಗಾಜಿನ ಕೋಣೆ, ಕೆಂಪಿನಲ್ಲಿ ಓಡುವ ಅಂಕಿ, ಚೀಟಿ ಕಕ್ಕುವ ಸಣ್ಣ ಯಂತ್ರ. ಉದ್ಘಾಟನೆಯ ದಿನ ಅವನು ಮಗಳಿಗೆ ಒಂದೇ ಮಾತು ಹೇಳಿದ: "ಲೈನಿನಲ್ಲಿ ಎಂತ ಕೇಳಿದ್ರೂ ಬಾಯಿ ಬಿಡ್ಬೇಡ ಮಗಾ. ಬಾಯಿ ಬಿಟ್ಟ ದಿನ ಬೂತು ಮುಚ್ಚು."

ಕಮಲಾವತಿ ಆ ಮಾತನ್ನು ಗಟ್ಟಿಯಾಗಿ ಹಿಡಿದುಕೊಂಡಳು. ಆಗ ಊರಲ್ಲಿ ಮನೆಗೆ ಫೋನಿದ್ದವರು ಎಷ್ಟು ಮಂದಿ? ಮದುವೆ ಕಾಗದದಲ್ಲಿ, ನೌಕರಿಯ ಅರ್ಜಿಯಲ್ಲಿ ಎಲ್ಲರೂ ಅವಳ ಬೂತಿನ ನಂಬರನ್ನೇ ಬರೆದು ಪಕ್ಕದಲ್ಲಿ ಪಿ.ಪಿ. ಎಂದು, ಅಂದರೆ ಕರೆಸಿ ಕೊಡಬೇಕಾದ ನಂಬರು ಎಂದು ಹಾಕುತ್ತಿದ್ದರು. ದುಬಾಯಿಯಿಂದ ಯಾರದೋ ಗಂಡ ಫೋನು ಮಾಡುತ್ತಾನೆ, ಕಮಲಾವತಿ "ಹತ್ತು ನಿಮಿಷ ಬಿಟ್ಟು ಮಾಡಿ, ಕರೆಸ್ತೇನೆ" ಎನ್ನುತ್ತಾಳೆ, ಮಾರ್ಗದಲ್ಲಿ ಹೋಗುವವರ ಹತ್ತಿರ ಹೇಳಿಕಳಿಸುತ್ತಾಳೆ, ಹೆಂಗಸು ಸೆರಗು ಸರಿಮಾಡಿಕೊಂಡು ಏದುಸಿರು ಬಿಡುತ್ತ ಓಡಿಬರುತ್ತಾಳೆ. ಯಾರಿಗೆ ಹೆಣ್ಣು ಹುಟ್ಟಿತು, ಯಾರ ವೀಸಾ ಕೆಟ್ಟಿತು, ಯಾರ ಮಗ ಯಾರ ಮಗಳಿಗೆ ಫೋನು ಮಾಡುತ್ತಾನೆ, ಎಲ್ಲ ಅವಳ ಕಿವಿಗೆ ಬಿದ್ದೇ ಬೀಳುತ್ತಿತ್ತು. ಬಿದ್ದದ್ದು ಅಲ್ಲಿಗೇ ನಿಲ್ಲುತ್ತಿತ್ತು. ಹೆತ್ತ ತಾಯಿಗೂ ಹೇಳುತ್ತಿರಲಿಲ್ಲ.

ಇನ್ನು ಆ ಕಾಲದ ನಮ್ಮವರ ಫೋನಿನ ಮಾತು. ಅಯ್ಯಯ್ಯೋ, ಅದನ್ನು ಕೇಳಬೇಕು! ಟ್ರಂಕ್ ಕಾಲಿನ ಕಾಲದಿಂದ ಬಂದ ಅಭ್ಯಾಸ: ಊರು ಎಷ್ಟು ದೂರವೋ ಸ್ವರ ಅಷ್ಟು ದೊಡ್ಡದಾಗಬೇಕು. ಪುತ್ತೂರಿಗಾದರೆ ಸಾಮಾನ್ಯ ಮಾತು, ಮಂಗಳೂರಿಗಾದರೆ ಸ್ವಲ್ಪ ಏರಿಸಿ, ಬೊಂಬಾಯಿಗಾದರೆ ಕುತ್ತಿಗೆಯ ನರ ಉಬ್ಬಬೇಕು. ಗಾಜಿನ ಬಾಗಿಲು ಹಾಕಿದರೆ ಹೊರಗೆ ಕೇಳುವುದಿಲ್ಲ ಎಂಬ ಧೈರ್ಯ ಬೇರೆ. ಕಮಲಾವತಿ ಎಷ್ಟೋ ಸಲ ಗಾಜಿಗೆ ಬೆರಳಿನಿಂದ ಬಡಿದು "ಮೆಲ್ಲ, ಮೆಲ್ಲ" ಎಂದು ಕೈಸನ್ನೆ ಮಾಡುತ್ತಿದ್ದಳು. ಒಳಗಿದ್ದವರು ಅವಳಿಗೇ ಕಣ್ಣು ಕೆಕ್ಕರಿಸುತ್ತಿದ್ದರು.

ತೊಂಬತ್ತೆಂಟನೇ ಇಸವಿಯ ಎಪ್ರಿಲ್ ತಿಂಗಳು. ಗುಡ್ಡದ ಮಗ್ಗುಲಿನ ದೊಡ್ಡ ಮನೆಯ ದೇರಣ್ಣ ಗೌಡರ ಮಗಳು ದಮಯಂತಿಗೆ ಮದುವೆ ಗೊತ್ತಾಗಿತ್ತು. ಬೆಳ್ಳಾರೆ ಕಡೆಯ ಹುಡುಗ, ಮೇಷ್ಟ್ರು. ದಮಯಂತಿ ಕಮಲಾವತಿಯ ಜೊತೆ ಹತ್ತನೇ ತರಗತಿಯವರೆಗೆ ಒಂದೇ ಬೆಂಚಿನಲ್ಲಿ ಕೂತವಳು. ಮದುವೆಗೆ ಹನ್ನೆರಡು ದಿನ ಇರುವಾಗ ಅವಳ ಅಣ್ಣ ಜಯಪ್ರಕಾಶ ಬೂತಿಗೆ ಬಂದು ದೆಹಲಿಯಲ್ಲಿದ್ದ ಸೋದರಮಾವನಿಗೆ ಫೋನು ಹಚ್ಚಿದ. ದೆಹಲಿ! ಬೊಂಬಾಯಿಗಿಂತಲೂ ಆಚೆ! ಸ್ವರ ಎಷ್ಟು ಏರಿರಬೇಡ, ನೀವೇ ಲೆಕ್ಕ ಹಾಕಿ. ಬಾಗಿಲಿಗೆ ಬೆನ್ನು ಹಾಕಿ ನಿಂತು ಬೊಬ್ಬೆ ಹೊಡೆದ: "ಜಾತಕ ಬೇರೆ ಮಾಡಿಸಿದ್ದೇನೆ ಮಾವ! ಕುಜದೋಷ ಇದ್ದದ್ದು ತೆಗೆಸಿದ್ದೇನೆ! ಹುಡುಗನ ಕಡೆಯವರಿಗೆ ಎಂತದೂ ಗೊತ್ತಿಲ್ಲ, ನೀವು ಧೈರ್ಯದಲ್ಲಿ ಬನ್ನಿ!"

ಹೊರಗೆ ಸಾಲಿನಲ್ಲಿ ಮೂವರು ಇದ್ದರು. ಎರಡನೆಯವರು, ಬಗಲಲ್ಲಿ ಮದುವೆ ಕಾಗದದ ಕಟ್ಟು ಹಿಡಿದುಕೊಂಡು ಮನೆಮನೆಗೆ ಹೇಳಿಕೆ ಹೇಳಲು ಹೊರಟಿದ್ದ ಹುಡುಗನ ಚಿಕ್ಕಪ್ಪ. ಅವರಿಗೆ ಸುಳ್ಯಕ್ಕೆ ಒಂದು ಫೋನು ಮಾಡಲಿಕ್ಕಿತ್ತು. ಮಾಡಲಿಲ್ಲ. ಕಾಗದದ ಕಟ್ಟನ್ನು ಚೀಲಕ್ಕೆ ತುರುಕಿ ಬಂದ ಬಸ್ಸಿನಲ್ಲೇ ವಾಪಸು ಹೋದರು. ಕಮಲಾವತಿ ಅದನ್ನು ಕಣ್ಣಾರೆ ಕಂಡಳು. ಜಯಪ್ರಕಾಶ ಹೊರಗೆ ಬಂದು ಚೀಟಿ ತೆಗೆದುಕೊಂಡು ಮೀಸೆ ಒರೆಸಿಕೊಂಡು ಹೋದ.

ಎರಡು ದಿನ ಬಿಟ್ಟು ಬೆಳ್ಳಾರೆಯಿಂದ ಜನ ಬಂತು. ಈ ಸಂಬಂಧ ಬೇಡ, ಜಾತಕದ ವಿಷಯ ನಿಮಗೇ ಗೊತ್ತುಂಟಲ್ಲ ಎಂದಷ್ಟೇ ಹೇಳಿ ಹೋದರು. ಚಪ್ಪರದ ಕಂಬ ನೆಟ್ಟಾಗಿತ್ತು. ಮರುದಿನ ಬೆಳಗ್ಗೆ ಜೀಪು, ಬಸ್ಸು, ಹಾಲಿನವರು ಎಲ್ಲ ಸೇರಿರುವ ಹೊತ್ತಿಗೆ ಜಯಪ್ರಕಾಶ ಬೂತಿನ ಎದುರು ನಿಂತು ಒಂದು ಕಲ್ಲು ಎತ್ತಿ ಗಾಜಿಗೆ ಬೀಸಿದ. "ನನ್ನ ತಂಗಿಯ ಬಾಳು ಹಾಳು ಮಾಡಿದ್ದು ಈ ಕುಂಟಿ! ಫೋನಿಗೆ ಕಿವಿ ಕೊಟ್ಟು ಊರಿಡೀ ಎಸ್‌ಟಿಡಿ ಮಾಡ್ತಾಳೆ ಇವಳು!" ಅದೇ ಮೊದಲು. ಆ ಮಾತು ಹುಟ್ಟಿದ್ದು ಅಲ್ಲಿ, ಗಾಜಿನ ಚೂರುಗಳ ನಡುವೆ, ಅವನ ಬಾಯಿಯಿಂದ. ಜನ ನಕ್ಕರು. ಹೊಸ ಮಾತು, ಕೇಳಲಿಕ್ಕೆ ಮಜಾ ಇತ್ತು. ಸಂಜೆಯೊಳಗೆ ಜೀಪಿನವರು ಅದನ್ನು ಕಡಬಕ್ಕೂ ಆಲಂಕಾರಿಗೂ ಒಯ್ದರು.

ಕಮಲಾವತಿ ಯಾಕೆ ಅಲ್ಲೇ ತಿರುಗಿ ಹೇಳಲಿಲ್ಲ ಎಂದು ನೀವು ಕೇಳಬಹುದು. ಹೇಗೆ ಹೇಳುವುದು? "ಬೊಬ್ಬೆ ಹೊಡೆದದ್ದು ನೀವೇ" ಎಂದರೆ, ಅವಳು ಕೇಳಿಸಿಕೊಂಡದ್ದು ಹೌದು ಎಂದಾಯಿತು. ಸುಳ್ಳು ಜಾತಕದ ವಿಷಯ ನಡುಮಾರ್ಗದಲ್ಲಿ ಹೇಳಿದರೆ ದಮಯಂತಿಯ ಮಾನ ಇನ್ನಷ್ಟು ಹೋಯಿತು. ಅಪ್ಪನ ಮಾತು ಬೇರೆ ತಡೆಯುತ್ತಿತ್ತು. ಅವಳು ಹಲ್ಲು ಕಚ್ಚಿ ಗಾಜು ಗುಡಿಸಿದಳು. ಮನೆಗೆ ಹೋದಾಗ ಸೀನನೇ ಕೇಳಿದ, "ನೀನು ಹೇಳಿದ್ದಾ?" ಇಲ್ಲ ಎಂದಳು. ಅವನು ನಂಬಿದನೋ ಇಲ್ಲವೋ ಅವಳಿಗೆ ಕೊನೆಯವರೆಗೂ ತಿಳಿಯಲಿಲ್ಲ.

ಒಂದು ತಿಂಗಳಾದ ಮೇಲೆ ದೇರಣ್ಣ ಗೌಡರು ಒಬ್ಬರೇ ಬೂತಿಗೆ ಬಂದರು. ಸುಬ್ರಹ್ಮಣ್ಯದಲ್ಲಿ ಹುಡುಗನ ಚಿಕ್ಕಪ್ಪ ಸಿಕ್ಕಿ ನಡೆದದ್ದನ್ನೆಲ್ಲ ಹೇಳಿದ್ದರಂತೆ. ಗೌಡರ ಕಣ್ಣಲ್ಲಿ ನೀರಿತ್ತು. "ತಪ್ಪಾಯ್ತು ಮಗಳೇ. ಮಗನಿಗೂ ಹೇಳಿದ್ದೇನೆ, ಕೆಡಿಸಿದ್ದು ಅವನದ್ದೇ ಬಾಯಿ ಅಂತ. ಆದ್ರೆ ಇದು ನಮ್ಮ ಮೂರು ಜನರಲ್ಲೇ ಇರ್ಲಿ. ದಮಯಂತಿಗೆ ಗೊತ್ತಾದ್ರೆ ಅಣ್ಣ ತಂಗಿ ಮುಖ ನೋಡ್ಲಿಕ್ಕಿಲ್ಲ," ಎಂದರು. ಹೊಸ ಗಾಜು ಹಾಕಿಸಿಕೊಟ್ಟರು. ಊರಿನವರು ಗೌಡರದ್ದು ಎಷ್ಟು ದೊಡ್ಡ ಮನಸ್ಸು, ಅಂಥವಳಿಗೂ ಗಾಜು ಹಾಕಿಸಿದರು ಎಂದು ಹೊಗಳಿದರು. ಕಮಲಾವತಿ ಹಿರಿಯರ ಮುಖ ನೋಡಿ ಹೂಂ ಎಂದಳು. ಆ ಹೂಂ ಅವಳನ್ನು ಇಪ್ಪತ್ತಾರು ವರ್ಷ ಸುಟ್ಟಿತು.

ಯಾಕೆಂದರೆ ಮಾತು ನಿಲ್ಲಲಿಲ್ಲ. ಅವಳನ್ನು ನೋಡಲು ಬಂದ ಒಂದು ಸಂಬಂಧ ಹೋಟೆಲಿನಲ್ಲಿ ಚಾ ಕುಡಿಯುವಾಗ "ಓ, ಎಸ್‌ಟಿಡಿ ಹುಡುಗಿಯಾ?" ಎಂಬ ನಗೆ ಕೇಳಿ ಅಲ್ಲಿಂದಲೇ ತಿರುಗಿತು. ಇನ್ನೊಂದು ಬರಲೇ ಇಲ್ಲ. ಹೆಂಗಸರು ಗುಟ್ಟಿನ ಫೋನಿಗೆ ಕಡಬಕ್ಕೆ ಹೋಗತೊಡಗಿದರು. ದೇರಣ್ಣ ಗೌಡರು ತೀರಿಕೊಂಡರು, ಸೀನ ತೀರಿಕೊಂಡ, ಮೊಬೈಲು ಬಂತು, ಬೂತು ಮುಚ್ಚಿತು. ಕಮಲಾವತಿ ಅದೇ ಕೋಣೆಯಲ್ಲಿ ಜೆರಾಕ್ಸ್ ಇಟ್ಟಳು, ಕರೆನ್ಸಿ ಹಾಕಿದಳು, ಕಂಪ್ಯೂಟರ್ ಕಲಿತು ಆಧಾರ್, ಪಹಣಿ, ಪಿಂಚಣಿ ಅರ್ಜಿ ಎಂದು ಊರಿನ ಕಾಗದವೆಲ್ಲ ಮಾಡಿಕೊಟ್ಟಳು. ಯಂತ್ರ ಮೂರು ಸಲ ಬದಲಾಯಿತು. ಅವಳ ಮೇಲಿನ ಮಾತು ಒಂದಕ್ಷರ ಬದಲಾಗಲಿಲ್ಲ.

ಹೋದ ವರ್ಷ ಜೆರಾಕ್ಸಿಗೆ ಬಂದ ಕಾಲೇಜು ಹುಡುಗಿಯರಿಬ್ಬರಲ್ಲಿ ಒಬ್ಬಳು ಇನ್ನೊಬ್ಬಳಿಗೆ, "ಏ, ಮೇಡಮ್ ಹತ್ರ ಎಸ್‌ಟಿಡಿ ಮಾಡ್ಬೇಡ ಆಯ್ತಾ," ಎಂದಳು. ಕಮಲಾವತಿಯ ಕೈ ಯಂತ್ರದ ಮೇಲೆಯೇ ನಿಂತಿತು.

"ಎಸ್‌ಟಿಡಿ ಅಂದ್ರೆ ಎಂತ ಮಗಾ?"

"ಚಾಡಿ ಹೇಳುದು ಅಲ್ವಾ ಆಂಟಿ? ಯಾಕೆ, ನಿಮ್ಮ ಕಾಲದಲ್ಲಿ ಆ ಮಾತು ಇರ್ಲಿಲ್ವಾ?"

"ನೀನು ಯಾರ ಮಗಳು?"

"ದೊಡ್ಡ ಮನೆ ಜಯಪ್ರಕಾಶ್ ಅವರ ಮಗಳು. ಯಶಸ್ವಿ."

ಮಗುವಿನ ಮೇಲೆ ಕೋಪ ಮಾಡಿ ಏನು ಪ್ರಯೋಜನ? ಕಮಲಾವತಿ ಹಾಳೆ ಜೋಡಿಸಿ ಕೊಟ್ಟಳು. ಆದರೆ ಅಂದು ರಾತ್ರಿ ಅಡುಗೆ ಮಾಡಲಿಲ್ಲ. ಅವನು ಸತ್ತರೂ ಈ ಮಾತು ಸಾಯುವುದಿಲ್ಲ, ಅವನ ಮಕ್ಕಳ ಬಾಯಲ್ಲೂ ನನ್ನ ಹೆಣ ಹೊರಿಸುತ್ತಾನಲ್ಲ ಈ ಮನುಷ್ಯ ಎಂದು ಒಲೆಯ ಮುಂದೆ ಕೂತು ಅತ್ತಳು, ಅತ್ತು ಮುಗಿದ ಮೇಲೆ ಹಿಡಿಶಾಪ ಹಾಕಿದಳು.

ಜಯಪ್ರಕಾಶನಿಗೆ ಇದರ ಬಗ್ಗೆ ಲವಲೇಶವೂ ನಾಚಿಕೆ ಇರಲಿಲ್ಲ. ಸತ್ಯ ಗೊತ್ತಿದ್ದೂ ಗೊತ್ತಿದ್ದೂ ಅವಳ ಅಂಗಡಿಗೇ ಬರುತ್ತಿದ್ದ. ಮುಖಕ್ಕೆ ಚರ್ಮ ಎಷ್ಟು ದಪ್ಪ ಇರಬಹುದು, ನೋಡಿ! ಸೊಸೈಟಿಯಲ್ಲಿ ಡೈರೆಕ್ಟರು, ಹೊಸ ಕಾರು, ಬೆರಳಲ್ಲಿ ಎರಡು ಉಂಗುರ. ಫೋನಿನ ಬೊಬ್ಬೆ ಮಾತ್ರ ಹಾಗೆಯೇ. ದಮಯಂತಿಗೆ ಮತ್ತೆ ಮದುವೆಯಾಗಲಿಲ್ಲ. ಅಣ್ಣನ ಮನೆಯಲ್ಲೇ ಐವತ್ತು ತುಂಬಿತು. ಅಡುಗೆ ಅವಳದ್ದು, ಹಟ್ಟಿ ಅವಳದ್ದು, ಅತ್ತಿಗೆಯ ಬೈಗುಳ ಅವಳದ್ದು. ಅಪರೂಪಕ್ಕೆ ಮಾರ್ಗದಲ್ಲಿ ಕಮಲಾವತಿ ಎದುರಾದರೆ ಆಚೆ ಮುಖ ಮಾಡುತ್ತಿದ್ದಳು.

ಡಿಸೆಂಬರಿನ ಒಂದು ಗುರುವಾರ ಜಯಪ್ರಕಾಶ ಅಂಗಡಿಗೆ ಬಂದ. "ವಾಟ್ಸಾಪಿಗೆ ಒಂದು ಕಾಗದ ಹಾಕಿದ್ದೇನೆ. ಓದ್ಲಿಕ್ಕೆ ಮಾತ್ರ ಒಂದು ಪ್ರತಿ ತೆಗಿ, ಬೇಗ." ಯಂತ್ರದಿಂದ ಹಾಳೆ ಹೊರಬರುತ್ತಿರುವಾಗ ಅವನ ಫೋನು ಬಡಿಯಿತು. ಪುತ್ತೂರಿನ ನೋಂದಣಿ ಆಫೀಸಿನ ಹತ್ತಿರ ಪತ್ರ ಬರೆಯುವವರು. ಅವನು ಬಾಗಿಲ ಬಳಿ ಹೋಗಿ, ಬೆನ್ನು ತಿರುಗಿಸಿ, ಬೊಬ್ಬೆ ಹೊಡೆದ. "ಹಲೋ! ರೇಂಜ್ ಇಲ್ಲ! ಈಗ ಕೇಳ್ತದಾ? ಸೋಮವಾರ ಕರ್ಕೊಂಡು ಬರ್ತೇನೆ! ಅವಳಿಗೆ ಎಂತದೂ ಗೊತ್ತಿಲ್ಲ ಮಾರಾಯ್ರೆ, ಪಿಂಚಣಿ ಕಾಗದ ಅಂತ ಹೇಳಿದ್ದೇನೆ! ಆಫೀಸಿನಲ್ಲಿ ಕೇಳಿದ್ರೆ ಒಪ್ಪಿಗೆ ಉಂಟು ಹೇಳು ಅಂತ ಕಲಿಸಿದ್ದೇನೆ!"

ಕಮಲಾವತಿ ಹಾಳೆ ನೋಡಿದಳು. ಹಕ್ಕು ಬಿಡುಗಡೆ ಪತ್ರ. ದಿವಂಗತ ದೇರಣ್ಣ ಗೌಡರ ಮಗಳು ದಮಯಂತಿಯಾದ ನಾನು, ತಂದೆಯ ಆಸ್ತಿಯಲ್ಲಿ ನನಗಿರುವ ಸಕಲ ಹಕ್ಕನ್ನೂ ಯಾರ ಒತ್ತಾಯವೂ ಇಲ್ಲದೆ ಸ್ವಸಂತೋಷದಿಂದ ನನ್ನ ಅಣ್ಣನಿಗೆ ಬಿಟ್ಟುಕೊಟ್ಟಿದ್ದೇನೆ. ಮನೆಯೂ ಸೇರಿತ್ತು. ಸ್ವಸಂತೋಷವಂತೆ! ಮೊದಲು ಮದುವೆ ನುಂಗಿದ, ಇನ್ನೀಗ ಮಣ್ಣೂ ನುಂಗುತ್ತಾನೆ.

ಆದರೂ ಅವಳು ಏನೂ ಮಾಡುತ್ತಿರಲಿಲ್ಲವೋ ಏನೋ. ಅಪ್ಪನ ಮಾತು ಮೂಳೆಯಲ್ಲಿ ಹಿಡಿದಿತ್ತು. ಜಯಪ್ರಕಾಶ ಹಾಳೆ ಮಡಚಿ ಕಿಸೆಗೆ ಹಾಕಿ, ಮೆಟ್ಟಿಲು ಇಳಿಯುವಾಗ ತಿರುಗಿ ನಕ್ಕ. "ಇದು ಹೊರಗೆ ಹೋಗ್ಬಾರ್ದು ಆಯ್ತಾ. ನಿನ್ನ ಬಾಯಿ ಊರಿಗೇ ಗೊತ್ತುಂಟಲ್ಲ!"

ಅಷ್ಟು ಸಾಕಾಯಿತು. ಕಮಲಾವತಿಗೆ ಕಾಲಿನಿಂದ ತಲೆಯವರೆಗೆ ಬೆಂಕಿ ಹತ್ತಿತು, ಅದರ ಹಿಂದೆಯೇ ಒಂದು ಖುಷಿಯೂ ಬಂತು. ಮಾಡದ ತಪ್ಪಿಗೆ ಇಪ್ಪತ್ತಾರು ವರ್ಷ ಶಿಕ್ಷೆ ಅನುಭವಿಸಿಯಾಗಿದೆ. ಇನ್ನು ಮಾಡಿಯೇ ಬಿಟ್ಟರೆ ಯಾರು ಏನು ಕೇಳಬಹುದು? ಅಪ್ಪಾ, ಇದೊಂದು ಸಲ ಕಿವಿ ಮುಚ್ಚಿಕೋ ಎಂದು ಗೋಡೆಯ ಫೋಟೋಕ್ಕೆ ಹೇಳಿದಳು.

ಶುಕ್ರವಾರ ಜಯಪ್ರಕಾಶನ ಕಾರು ಸೊಸೈಟಿಯ ಮೀಟಿಂಗಿಗೆ ಹೋದದ್ದನ್ನು ನೋಡಿಕೊಂಡು ಅವಳು ದೊಡ್ಡ ಮನೆಗೆ ಫೋನು ಮಾಡಿದಳು. ಗುಡ್ಡದ ಮರೆಯ ಮನೆ, ಮೊಬೈಲಿಗೆ ರೇಂಜ್ ಸಿಗುವುದಿಲ್ಲ ಎಂದು ಅಲ್ಲಿ ಲ್ಯಾಂಡ್‌ಲೈನು ಉಳಿದಿತ್ತು. ಎತ್ತಿದ್ದು ದಮಯಂತಿಯೇ.

"ದಮಯಂತಿ, ನಾನು ಕಮಲಾವತಿ. ಇಡ್ಬೇಡ."

"ನೀನಾ?" ಆ ಕಡೆ ಸ್ವರ ಗಡುಸಾಯಿತು. "ನನ್ನ ಬಾಳು ತೆಗ್ದದ್ದು ಸಾಕಾಗ್ಲಿಲ್ವಾ? ಇನ್ನು ಎಂತ ಉಂಟು ನಿನಗೆ?"

"ಬೈ. ಎಷ್ಟು ಬೇಕಾದ್ರೂ ಬೈ, ಕೇಳ್ತೇನೆ. ಸೋಮವಾರ ಪುತ್ತೂರಿನಲ್ಲಿ ನಿನ್ನ ಅಣ್ಣ ಸಹಿ ಹಾಕಿಸುದು ಪಿಂಚಣಿಗೆ ಅಲ್ಲ. ನಿನ್ನ ಪಾಲಿನ ಜಾಗ, ಮನೆ ಎಲ್ಲ ಅವನಿಗೆ ಬರ್ಕೊಡುವ ಕಾಗದ ಅದು. ನಾನೇ ಪ್ರಿಂಟ್ ತೆಗ್ದದ್ದು."

"ನಿನ್ನ ಮಾತು ನಾನು ಎಂತಕ್ಕೆ ನಂಬುದು?"

"ನಂಬುದು ಬೇಡ. ನೀನು ಹತ್ತನೇ ಪಾಸಾದವಳು, ಕನ್ನಡದಲ್ಲಿ ನನಗಿಂತ ಜಾಸ್ತಿ ಮಾರ್ಕು ತೆಗ್ದವಳು. ಸಹಿ ಹಾಕುವ ಮೊದ್ಲು ಓದು. ಅಷ್ಟೇ."

ಆ ಕಡೆಯಿಂದ ಫೋನು ಕುಕ್ಕಿದ ಸದ್ದು ಬಂತು. ಶನಿವಾರ, ಭಾನುವಾರ ಕಮಲಾವತಿ ಲೆಕ್ಕ ಹಾಕುತ್ತಲೇ ಕಳೆದಳು. ದಮಯಂತಿ ಅಣ್ಣನಿಗೇ ಹೇಳಿದರೆ? ಓದದೇ ಸಹಿ ಹಾಕಿದರೆ? ಹಾಗಾದರೆ ಇಷ್ಟು ವರ್ಷ ಕಾದದ್ದು ಹೊಳೆಗೆ ಹೋಯಿತು.

ಸೋಮವಾರ ಮಧ್ಯಾಹ್ನ ಎರಡು ಗಂಟೆಗೆ ಜಯಪ್ರಕಾಶನ ಕಾರು ಪುತ್ತೂರು ಕಡೆಯಿಂದ ಬಂದು ಅಂಗಡಿಯ ಎದುರು ಕಿರ್ರನೆ ನಿಂತಿತು. ಅವನು ಇಳಿಯುವ ರಭಸಕ್ಕೆ ಬಾಗಿಲು ತೆರೆದೇ ಉಳಿಯಿತು.

"ಏ ಕಮಲಾ! ಹೊರಗೆ ಬಾ! ಮತ್ತೆ ಶುರು ಮಾಡಿದ್ಯಾ ನಿನ್ನ ಎಸ್‌ಟಿಡಿ? ಆಫೀಸಿನಲ್ಲಿ ಅಷ್ಟು ಜನರ ಎದುರು ಒಪ್ಪಿಗೆ ಇಲ್ಲ ಹೇಳಿದ್ಳು ಅವಳು! ನನ್ನ ಮಾನ ತೆಗ್ದು ಇಟ್ಟೆ!"

ಹೋಟೆಲಿನವರು ಕೈತೊಳೆಯದೆ ಎದ್ದು ಬಂದರು. ರಿಕ್ಷಾದ ಅಬ್ಬಾಸ್ ಸೀಟಿನಿಂದ ಇಳಿದ. ಕಮಲಾವತಿ ಕಾಲೆಳೆದುಕೊಂಡು ಮೆಟ್ಟಿಲಿಗೆ ಬಂದಳು. ಹೆದರಿಕೆ ಆಗಬೇಕಿತ್ತು, ಆಗಲಿಲ್ಲ. ಹಬ್ಬದೂಟಕ್ಕೆ ಕೂತಷ್ಟು ಸಮಾಧಾನ ಇತ್ತು.

"ಹೌದು," ಎಂದಳು. "ನಾನೇ ಹೇಳಿದ್ದು. ಈ ಸಲದ್ದು ನಾನು. ಆ ಸಲದ್ದು ನೀವು."

"ಎಂತ ಆ ಸಲದ್ದು?"

"ದೆಹಲಿಗೆ ಫೋನು ಮಾಡಿ ಸುಳ್ಳು ಜಾತಕದ ವಿಷಯ ಬೊಬ್ಬೆ ಹೊಡೆದದ್ದು ಯಾರು? ಹುಡುಗನ ಚಿಕ್ಕಪ್ಪ ಇಲ್ಲೇ, ನೀವು ನಿಂತ ಜಾಗದಲ್ಲೇ, ಸಾಲಿನಲ್ಲಿ ನಿಂತಿದ್ರು. ಎಲ್ಲ ಕೇಳಿ ಬಸ್ಸು ಹತ್ತಿ ಹೋದ್ರು. ದೇರಣ್ಣ ಗೌಡ್ರಿಗೆ ಗೊತ್ತಿತ್ತು, ನಿಮಗೆ ಗೊತ್ತಿತ್ತು, ನನಗೆ ಗೊತ್ತಿತ್ತು. ನಾನೊಬ್ಳೇ ಬಾಯಿ ಮುಚ್ಚಿದ್ದು. ನೀವು ಗೊತ್ತಿದ್ದೂ ಊರಿಡೀ ನನ್ನನ್ನು ಉಗಿಸಿದ್ರಿ!"

ಜಯಪ್ರಕಾಶ ಕೈ ಎತ್ತಿದ. ಅಬ್ಬಾಸ್ ಬಂದು ನಡುವೆ ನಿಂತ. "ಕೈ ಕೆಳಗೆ ಇಡಿ. ಆ ದಿನ ಸಾಲಿನಲ್ಲಿ ಮೂರನೆಯವ ನಾನು. ಆಗ ಜೀಪಿನ ಕ್ಲೀನರ್. ನೀವು ದೊಡ್ಡ ಮನೆಯವರು, ನನ್ನ ಮಾತು ಯಾರು ಕೇಳ್ತಾರೆ ಅಂತ ಸುಮ್ಮನೆ ಕೂತೆ."

ಕಮಲಾವತಿ ತಿರುಗಿ ಅವನನ್ನು ನೋಡಿದಳು. ಇಷ್ಟು ವರ್ಷ ದಿನಾ ಎದುರು ರಿಕ್ಷಾ ನಿಲ್ಲಿಸಿ ನನ್ನಲ್ಲೇ ಕರೆನ್ಸಿ ಹಾಕಿಸಿಕೊಂಡ ಮನುಷ್ಯ! ಅವನದ್ದೂ ಒಂದು ಬಾಕಿ ಉಂಟು, ಅದನ್ನು ಆಮೇಲೆ ನೋಡಿಕೊಳ್ಳೋಣ ಎಂದು ಮನಸ್ಸಿನಲ್ಲಿ ಬರೆದಿಟ್ಟಳು.

ಆಗ ಕಾರಿನ ಹಿಂದಿನ ಬಾಗಿಲು ತೆರೆಯಿತು. ದಮಯಂತಿ ಒಳಗೇ ಇದ್ದಳು, ಎಲ್ಲ ಕೇಳಿಸಿಕೊಂಡಿದ್ದಳು. ಪುತ್ತೂರಿಗೆಂದು ಉಟ್ಟ ಒಳ್ಳೆಯ ಸೀರೆ ಮುದ್ದೆಯಾಗಿತ್ತು. ಅಣ್ಣನ ಎದುರು ಬಂದು ನಿಂತು ಮೆಲ್ಲಗೆ ಕೇಳಿದಳು, "ಇವಳು ಹೇಳುದು ಹೌದಾ?"

"ಅದೆಲ್ಲ ಹಳೇ ಕಥೆ ಮಾರಾಯ್ತಿ. ಈಗ ಎಂತಕ್ಕೆ? ಕಾರು ಹತ್ತು."

ಹಳೇ ಕಥೆ ಎಂದನೇ ಹೊರತು ಸುಳ್ಳು ಎನ್ನಲಿಲ್ಲ. ಅಲ್ಲಿದ್ದವರಿಗೆಲ್ಲ ಅದು ತಿಳಿಯಿತು. ಹೋಟೆಲಿನವನು "ಹಾಗಾದ್ರೆ ಇನ್ನು ಎಸ್‌ಟಿಡಿ ಮಾಡುದು ಅನ್ಬಾರ್ದು, ಜೇಪಿ ಮಾಡುದು ಅನ್ಬೇಕು," ಎಂದ. ಜನ ಗೊಳ್ಳೆಂದು ನಕ್ಕರು. ಇಪ್ಪತ್ತಾರು ವರ್ಷದ ಹಿಂದೆ ನಕ್ಕದ್ದೂ ಇದೇ ಜನ, ಇದೇ ನಗೆ. ಹೋಟೆಲಿನವನ ಹೊಸ ಮಾತು ಒಂದು ವಾರ ಓಡಿತು, ಆಮೇಲೆ ನಿಂತಿತು. ಮಕ್ಕಳು ಮತ್ತೆ ಎಸ್‌ಟಿಡಿಗೇ ಬಂದರು. ಮಾತನ್ನು ಹಾಗೆಲ್ಲ ಕಿತ್ತು ಹಾಕಲಿಕ್ಕೆ ಆಗುವುದಿಲ್ಲ. ಆದರೆ ಆ ಹೊತ್ತಿಗೆ ಜಯಪ್ರಕಾಶನ ಮುಖ ಹೇಗೆ ಕಪ್ಪಿಟ್ಟಿತು ಎಂಬುದನ್ನು ಕಮಲಾವತಿ ಕಣ್ಣು ಮಿಟುಕಿಸದೆ ನೋಡಿದಳು.

ದಮಯಂತಿ ಕಾರು ಹತ್ತಲಿಲ್ಲ. ಅಂಗಡಿಯ ಮೆಟ್ಟಿಲು ಹತ್ತಿ, ಒಳಗೆ ಹೋಗಿ, ಗಿರಾಕಿಗಳ ಕುರ್ಚಿಯಲ್ಲಿ ಕೂತಳು. ಕಮಲಾವತಿ ಹಿಂದಿನಿಂದ ಬಂದು ನೀರು ಕೊಟ್ಟಳು.

"ನನಗೋಸ್ಕರ ಹೇಳಿದ್ಯಾ ನೀನು?" ದಮಯಂತಿ ಕೇಳಿದಳು.

ಸುಳ್ಳು ಹೇಳಬಹುದಿತ್ತು. "ಅಲ್ಲ," ಎಂದಳು ಕಮಲಾವತಿ. "ಅವನ ಮೇಲಿನ ಹಗೆಗೆ."

"ಗೊತ್ತು. ಒಂದು ಸಲವಾದ್ರೂ ನನ್ನ ಹತ್ರ ಬಂದು ಹೇಳ್ಬಹುದಿತ್ತಲ್ಲ ಮಾರಾಯ್ತಿ. ಇಷ್ಟು ವರ್ಷ ನಾನು ಅವನಿಗೆ ಅನ್ನ ಬಡಿಸಿದ್ದೇನೆ. ನಿನ್ನನ್ನು ಶಪಿಸಿ, ಅವನಿಗೆ ಬಡಿಸಿದ್ದೇನೆ."

ಇಪ್ಪತ್ತಾರು ವರ್ಷ ತನ್ನ ನೋವೊಂದನ್ನೇ ತೂಗಿದ ಕಮಲಾವತಿಗೆ ಇದು ಹೊಳೆದೇ ಇರಲಿಲ್ಲ. ಹೊರಗೆ ಜಯಪ್ರಕಾಶ ಹಾರ್ನು ಒತ್ತುತ್ತಿದ್ದ. ದಮಯಂತಿ ಲೋಟ ಕೆಳಗಿಟ್ಟು ಕಣ್ಣು ಒರೆಸಿಕೊಂಡಳು.

"ಕಂಪ್ಯೂಟರ್ ಉಂಟಲ್ಲ? ನನ್ನ ಪಾಲು ನನಗೆ ಬೇಕು ಅಂತ ಬರಿ."

"ಕೋರ್ಟಿಗೆ ವಕೀಲರು ಬೇಕು. ಈಗ ತಹಶೀಲ್ದಾರರಿಗೆ ಒಂದು ತಕರಾರು ಅರ್ಜಿ ಹಾಕುವ. ಜಾಗ ಎಷ್ಟು ಕೇಳ್ಬೇಕು?"

"ಅರ್ಧ. ಒಂದು ಸೆಂಟ್ಸ್ ಕಮ್ಮಿ ಇಲ್ಲ."

"ಬಾವಿ?"

"ಬಾವಿಯೂ."

"ಮನೆಯಲ್ಲಿ ಯಾವ ಬದಿ?"

ದಮಯಂತಿ ಕಿಟಕಿಯಿಂದ ಹೊರಗೆ ನೋಡಿದಳು. ಹಾರ್ನು ಇನ್ನೂ ಬಡಿಯುತ್ತಿತ್ತು.

"ಅವನು ಮಲಗುವ ಬದಿ," ಎಂದಳು.

ಕಮಲಾವತಿ ಬರೆದಳು.